ಇದು ದೇವರ ಕರೆಯೋ, ಮುರಿದ ಸಂಬಂಧದ ಬೇಸರವೋ?

ಪ್ರಶ್ನೆ: ಸಿಸ್ಟರ್, ಯೇಸುವಿಗೆ ಸ್ತೋತ್ರ. ನನಗೆ 25 ವರ್ಷ. ನರ್ಸಿಂಗ್ ಮುಗಿಸಿ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ಕಾವಲುಗಾರರಾಗಿದ್ದಾರೆ. ತಂಗಿ ಪಿಯುಸಿ ಓದುತ್ತಿದ್ದಾಳೆ. ಕಳೆದ ಜೂನ್‌ನಲ್ಲಿ ಗೊತ್ತಾಗಿದ್ದ ಸಂಬಂಧ ತಪ್ಪಿಹೋಯಿತು. ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆಯ (ಮಾತೆ ಮರಿಯಮ್ಮನವರ) ದೇವಾಲಯದ ನವೇನ ಪ್ರಾರ್ಥನೆಗೆ ಒಂಬತ್ತು ದಿನವೂ ಹೋದೆ. ಹಬ್ಬದ ದಿನ ಬಲಿಪೂಜೆಯಲ್ಲಿ (ಮಾಸ್) ಬಿಕ್ಕಿ ಬಿಕ್ಕಿ ಅತ್ತೆ. ಮಾರನೆಯ ದಿನ ಸಿಸ್ಟರ್‌ಗಳ ಜೊತೆ ಅನ್ನದ ಪಾತ್ರೆ ತೊಳೆಯುತ್ತಿದ್ದಾಗ ಯಾಕೋ ಮನಸ್ಸು ಬಹಳ ಹಗುರಾಗಿತ್ತು. ಅಂದಿನಿಂದ ಕಾನ್ವೆಂಟಿಗೆ ಸೇರಬೇಕೆಂಬ ಯೋಚನೆ ಬಿಟ್ಟುಹೋಗಿಲ್ಲ. ಅಮ್ಮ, "ಸಂಬಂಧ ಮುರಿದ ಬೇಸರಕ್ಕೆ ಹೀಗೆ ಆಡುತ್ತಿದ್ದೀಯ" ಎನ್ನುತ್ತಾರೆ. ಶಿಕ್ಷಣ ಸಾಲ ಇನ್ನೂ 1,60,000 ರೂಪಾಯಿ ಬಾಕಿ ಇದೆ. ನಾನು ನರ್ಸ್ ಎಂದು ತಿಳಿದ ಕೂಡಲೇ ಸನ್ಯಾಸಿನಿಯರ ಒಂದು ಸಭೆಯವರು "ಈ ಮೇ ತಿಂಗಳಲ್ಲೇ ಬಂದು ಸೇರು" ಎಂದಿದ್ದಾರೆ. ಇದು ನಿಜವಾಗಿ ದೇವರ ಕರೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮಗಳೇ, ನನಗೆ ಎಪ್ಪತ್ತು ದಾಟಿದೆ. ನೀವು ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ. ನೀನು ಎಂದೇ ಬರೆಯುತ್ತೇನೆ, ಬೇಸರಪಟ್ಟುಕೊಳ್ಳಬೇಡ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ನಿಂತದ್ದು ನೀನು ಪಾತ್ರೆ ತೊಳೆದ ದಿನದ ಮೇಲೆ. ಅತ್ತ ದಿನವನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಸೆಪ್ಟೆಂಬರ್ 8ರಂದು ಹರಿಹರದಲ್ಲಿ ಅಳದವರು ಯಾರು? ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬಂದು ಅಲ್ಲಿ ಕಣ್ಣೀರು ಹಾಕುತ್ತಾರೆ. ಜನಸಾಗರ, ಮೇಣದಬತ್ತಿಯ ಬಿಸಿ, ಹಾಡು, ಒಂಬತ್ತು ದಿನದ ಪ್ರಾರ್ಥನೆಯಿಂದ ಮೆದುವಾದ ಎದೆ. ನಾನೂ ಅತ್ತಿದ್ದೇನೆ. ಅದು ಮಾತೆಯ ಕೃಪೆಯೇ ಇರಬಹುದು, ಆದರೆ ಅದರ ಮೇಲೆ ಬದುಕನ್ನು ಕಟ್ಟಲಾಗದು. ದಾವಣಗೆರೆಯವಳಾದ ನೀನು ಮಂಡಕ್ಕಿ ಭಟ್ಟಿ ನೋಡಿರುತ್ತೀಯ. ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಅದನ್ನೇ ತೆರೆದಿಟ್ಟು ಒಂದು ಸಂಜೆಯ ಗಾಳಿ ತಾಗಿಸು, ಮೆತ್ತಗಾಗಿರುತ್ತದೆ. ಧ್ಯಾನಕೂಟಗಳಲ್ಲಿ ಅರಳಿದ ಎಷ್ಟೋ "ಕರೆ"ಗಳು ಹೀಗೆ ಮೆತ್ತಗಾದದ್ದನ್ನು ಕಂಡಿದ್ದೇನೆ.

ಒಂಬತ್ತನೆಯ ತಾರೀಖಿನ ಮಾತೇ ಬೇರೆ. ಹಾಡಿಲ್ಲ, ಜನರಿಲ್ಲ. ತಳ ಹಿಡಿದ ಅನ್ನ, ತೆಂಗಿನ ನಾರು, ನೆನೆದ ಸೀರೆಯ ಅಂಚು, ಬಾಗಿ ಬಾಗಿ ಹಿಡಿದುಕೊಂಡ ಸೊಂಟ. ಅಲ್ಲಿ ಮನಸ್ಸು ಹಗುರಾಗಲು ಹೊರಗಿನ ಕಾರಣ ಯಾವುದೂ ಇರಲಿಲ್ಲ. ನೀನು ಅದನ್ನು ಒಂದೇ ಸಾಲಿನಲ್ಲಿ, "ಯಾಕೋ" ಎಂದು ಬರೆದು ಮುಂದೆ ಹೋಗಿದ್ದೀಯ. ನಾನಾದರೆ ಆ "ಯಾಕೋ" ಎಂಬಲ್ಲೇ ಕುಳಿತುಕೊಳ್ಳುತ್ತೇನೆ.

ಇದು ನಾನು ಕಂಡುಹಿಡಿದ ಉಪಾಯವಲ್ಲ. 1521ರಲ್ಲಿ ಸ್ಪೇನಿನ ಪಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಒಬ್ಬ ಯೋಧರು ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. (ಚಿತ್ರದುರ್ಗದ ಕೋಟೆಯ ನೆರಳಲ್ಲಿ ಬೆಳೆದ ನನಗೆ ಈ ಕಥೆ ಚಿಕ್ಕಂದಿನಿಂದಲೂ ಇಷ್ಟ.) ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆ ಮಾತ್ರ. ಹೊತ್ತು ಹೋಗಬೇಕಲ್ಲ, ಓದಿದರು. ಒಮ್ಮೆ ದೊಡ್ಡ ಮನೆತನದ ಹೆಣ್ಣೊಬ್ಬಳನ್ನು ಮೆಚ್ಚಿಸುವ ಕನಸು ಕಾಣುತ್ತಿದ್ದರು, ಇನ್ನೊಮ್ಮೆ ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವ ಕನಸು. ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮಾತ್ರ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದು ತಂಪನ್ನು ಉಳಿಸಿ ಹೋಗುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದವರೇ ಮುಂದೆ ಸಂತ ಇಗ್ನೇಷಿಯಸ್ ಆದರು. ಕರೆಯನ್ನು ವಿವೇಚಿಸುವ ಬಗ್ಗೆ ಕಥೋಲಿಕ ಧರ್ಮಸಭೆಯಲ್ಲಿ ಇಂದು ಹೇಳಿಕೊಡುವುದರಲ್ಲಿ ಬಹುಪಾಲು ಬೆಳೆದದ್ದು ಆ ಹಾಸಿಗೆಯ ಮೇಲಿನ ಗಮನದಿಂದ. ತಿನ್ನುವಾಗಿನ ರುಚಿಗಿಂತ, ತಿಂದ ಮೇಲೆ ಬಾಯಲ್ಲಿ ಉಳಿಯುವ ರುಚಿಯನ್ನು ನೋಡು ಎಂದು ನಾನು ನನ್ನ ಹುಡುಗಿಯರಿಗೆ ಹೇಳುತ್ತಿದ್ದೆ.

ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೋ. ದಿನಕ್ಕೆ ಎರಡೇ ಸಾಲು. ಇಂದು ಕಾನ್ವೆಂಟಿನ ಯೋಚನೆ ಯಾವಾಗ ಬಂತು, ಬಂದು ಹೋದ ಮೇಲೆ ಏನು ಉಳಿಯಿತು. ಮದುವೆಯ ಯೋಚನೆ ಬಂದ ದಿನ ಅದನ್ನೂ ಹಾಗೆಯೇ ಬರೆ, ಮುಚ್ಚಿಡಬೇಡ. ಸಿಟ್ಟು ಬಂದ ದಿನ, ವಾರ್ಡಿನಲ್ಲಿ ಬೈಸಿಕೊಂಡ ದಿನ ಬರೆದದ್ದಕ್ಕೆ ಒಂದು ಗುರುತು ಹಾಕು. ಕಾನ್ವೆಂಟಿನ ಆಸೆ ಬರೀ ಗುರುತು ಹಾಕಿದ ದಿನಗಳಲ್ಲೇ ಬರುತ್ತಿದ್ದರೆ ಅದು ಕರೆಯಲ್ಲ, ರಜೆಯ ಆಸೆ. ಒಂದು ಎಚ್ಚರಿಕೆ: ಮನಸ್ಸು ಒಣಗಿದಾಗ, ಕತ್ತಲಾದಾಗ, ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸ್ ಹಾಕಿಕೊಟ್ಟ ಕಟ್ಟುನಿಟ್ಟಾದ ನಿಯಮ. ನಿನ್ನ ಭಾಷೆಯಲ್ಲಿ ಹೇಳಬೇಕೆಂದರೆ, ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಬದುಕಿನ ಬಗ್ಗೆ ಏನನ್ನೂ ತೀರ್ಮಾನಿಸಬೇಡ. ಮೊದಲು ನಿದ್ದೆ ಮಾಡು.

ಈಗ ಅಮ್ಮನ ಮಾತು. ಸಂಬಂಧ ತಪ್ಪಿದ್ದು ಜೂನ್‌ನಲ್ಲಿ, ನೀನು ಹರಿಹರಕ್ಕೆ ಹೋದದ್ದು ಸೆಪ್ಟೆಂಬರ್‌ನಲ್ಲಿ. ಮೂರೇ ತಿಂಗಳು. ಅಮ್ಮನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ, ನಿನ್ನನ್ನು ಹತ್ತಿರದಿಂದ ನೋಡಿದವರು ಅವರು. ಹಾಗೆಂದು ಪೆಟ್ಟು ಬಿದ್ದ ಮೇಲೆ ಬಂದದ್ದೆಲ್ಲ ಸುಳ್ಳು ಎಂದೂ ಅಲ್ಲ. ಇಗ್ನೇಷಿಯಸ್‌ರ ಕಾಲು ಮುರಿಯದಿದ್ದರೆ ಅವರು ಆ ಪುಸ್ತಕಗಳನ್ನು ಮುಟ್ಟುತ್ತಲೇ ಇರಲಿಲ್ಲ. ಪೆಟ್ಟು ಬಾಗಿಲನ್ನು ತೆರೆದಿರಬಹುದು. ನೀನು ಆ ಬಾಗಿಲಿನಿಂದ ಯಾವುದರ ಕಡೆಗೋ ನಡೆಯುತ್ತಿದ್ದೀಯೋ, ಯಾರಿಂದಲೋ ಓಡುತ್ತಿದ್ದೀಯೋ ಎಂಬುದು ನಾವು ನೋಡಬೇಕಾದದ್ದು.

ಒಂದು ಸಂಜೆ ಮೊಬೈಲ್ ದೂರವಿಟ್ಟು ದೇವಾಲಯದಲ್ಲಿ ಕುಳಿತು ಹೀಗೆ ಕಲ್ಪಿಸಿಕೋ. ನಾಳೆಯೇ ಒಂದು ಸಂಬಂಧ ಬರುತ್ತದೆ. ಹುಡುಗ ಒಳ್ಳೆಯವನು, ದುಡಿಯುವವನು, ಕುಡಿಯುವುದಿಲ್ಲ, ನಿನ್ನ ಕೆಲಸ ಬಿಡಿಸುವುದಿಲ್ಲ, ನಿನ್ನ ಅಪ್ಪ ಅಮ್ಮನನ್ನು ತನ್ನವರಂತೆ ನೋಡಿಕೊಳ್ಳುತ್ತಾನೆ. ಅಮ್ಮನ ಮುಖದಲ್ಲಿ ನಗು. ಈ ಚಿತ್ರವನ್ನು ಅವಸರ ಮಾಡದೆ ಪೂರ್ತಿ ನೋಡು, ಮಗುವಿನ ಜ್ಞಾನಸ್ನಾನದವರೆಗೂ ನೋಡು. ಅಷ್ಟಕ್ಕೇ ಕಾನ್ವೆಂಟಿನ ಯೋಚನೆ ಕರಗಿಹೋದರೆ ದೇವರಿಗೆ ವಂದನೆ ಹೇಳಿ ಸಂತೋಷವಾಗಿ ಮದುವೆಯಾಗು, ಅದೂ ಸಂಸ್ಕಾರವೇ. ಚಿತ್ರ ಇಷ್ಟವಾಗಿಯೂ, ಅದನ್ನು ಬಿಡಬೇಕಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಗಿಯೂ, ಅದರಾಚೆ ಆ ಪಾತ್ರೆ ತೊಳೆಯುವ ಜಾಗ ನಿನ್ನನ್ನು ಕೈಬೀಸಿ ಕರೆಯುತ್ತಲೇ ಇದ್ದರೆ, ಆಗ ನಾವು ಮುಂದಿನ ಮಾತು ಆಡಬಹುದು. ಮದುವೆ ಬಿಡಲು ಸಂಕಟವೇ ಇಲ್ಲ ಎನ್ನುವ ಹುಡುಗಿಯರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಬ್ರಹ್ಮಚರ್ಯದ ವ್ರತ ಎಂದರೆ ಒಳ್ಳೆಯದೊಂದನ್ನು ಕೊಡುವುದು. ಬೇಡದ ವಸ್ತುವನ್ನು ಕಾಣಿಕೆ ಡಬ್ಬಿಗೆ ಹಾಕಿದರೆ ಅದು ಕಾಣಿಕೆಯಾಗುತ್ತದೆಯೇ?

"ತಿಳಿಯುವುದು ಹೇಗೆ" ಎಂದು ಕೇಳಿದ್ದೀಯ. ಮನೆಯಲ್ಲಿ ಕುಳಿತು ಪೂರ್ತಿಯಾಗಿ ತಿಳಿಯಲಾಗದು. ಮೊದಲು ಖಚಿತ ಮಾಡಿಕೊಂಡು ಆಮೇಲೆ ಒಳಗೆ ಹೋಗಬೇಕು ಎಂದುಕೊಂಡಿದ್ದೀಯ, ಬಹಳ ಜನ ಹಾಗೆಯೇ ಅಂದುಕೊಳ್ಳುತ್ತಾರೆ. ಧರ್ಮಸಭೆ ನಿನ್ನಿಂದ ಅಂಥ ಖಾತ್ರಿಯನ್ನು ಕೇಳುವುದಿಲ್ಲ. ಅದು ಅನುಮಾನಕ್ಕೆಂದೇ ವರ್ಷಗಳನ್ನು ಎತ್ತಿಟ್ಟಿದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯನ್ನು ತೆರೆದು ನೋಡು. 17 ವರ್ಷ ತುಂಬದವರನ್ನು ನೊವಿಶಿಯೇಟಿಗೆ, ಅಂದರೆ ವ್ರತಕ್ಕೆ ಮೊದಲಿನ ತರಬೇತಿಗೆ, ಸೇರಿಸಿಕೊಂಡರೆ ಆ ಸೇರ್ಪಡೆಯೇ ಅಸಿಂಧು. ಒತ್ತಾಯ, ಭಯ, ಮೋಸದಿಂದ ಬಂದವರದ್ದೂ ಅಸಿಂಧು. ನೊವಿಶಿಯೇಟ್ ಕನಿಷ್ಠ 12 ತಿಂಗಳು, ಸಾಮಾನ್ಯವಾಗಿ ಎರಡು ವರ್ಷ ಮೀರುವಂತಿಲ್ಲ. ಆ ಅವಧಿಯಲ್ಲಿ ಯಾವ ದಿನ ಬೇಕಾದರೂ ಪೆಟ್ಟಿಗೆ ಎತ್ತಿಕೊಂಡು ಹೊರಡುವ ಸ್ವಾತಂತ್ರ್ಯ ನಿನಗಿದೆ, ಕಳುಹಿಸುವ ಅಧಿಕಾರ ಅವರಿಗೂ ಇದೆ. ಮೊದಲ ವ್ರತಗಳು ತಾತ್ಕಾಲಿಕ: ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತರವರೆಗೆ. ನೊವಿಶಿಯೇಟಿಗೆ ಮೊದಲು ಆಕಾಂಕ್ಷಿಯಾಗಿ ಕಳೆಯುವ ಕಾಲ ಬೇರೆ. ನೀನು ನಾಳೆ ಬೆಳಿಗ್ಗೆ ಸೇರಿದರೂ ಆಜೀವ ವ್ರತದ ದಿನ ಬರುವ ಹೊತ್ತಿಗೆ ಮೂವತ್ತು ದಾಟಿರುತ್ತೀಯ. ಅಷ್ಟು ವರ್ಷವೂ ನಡೆಯುವುದು ನೀನು ಇಂದು ನನ್ನನ್ನು ಕೇಳಿದ ಪ್ರಶ್ನೆಯ ಉತ್ತರವೇ.

ನಮ್ಮ ಕಡೆ ಅಕ್ಕಪಕ್ಕದವರು "ಮಗಳನ್ನು ಮಠಕ್ಕೆ ಬಿಟ್ಟಿರಾ?" ಎಂದು ಕೇಳುತ್ತಾರೆ. ಸಿರಿಗೆರೆ, ಮುರುಘಾಮಠಗಳ ಸೀಮೆಯಲ್ಲಿ ಅದು ಗೌರವದ ಮಾತೇ. ಆದರೆ ನಮ್ಮಲ್ಲಿ ಯಾರೂ ಯಾರನ್ನೂ ಬಿಡುವಂತಿಲ್ಲ. ಜೀವನಸ್ಥಿತಿಯನ್ನು ಯಾರ ಬಲವಂತವೂ ಇಲ್ಲದೆ ಆರಿಸಿಕೊಳ್ಳುವುದು ಪ್ರತಿಯೊಬ್ಬ ಕ್ರೈಸ್ತರ ಹಕ್ಕು ಎಂದು ಅದೇ ಸಂಹಿತೆಯ 219ನೆಯ ವಿಧಿ ಹೇಳುತ್ತದೆ. ಮಗುವಿನ ಜ್ವರ ಇಳಿದರೆ ಸಿಸ್ಟರ್ ಮಾಡುತ್ತೇನೆ ಎಂದು ಹರಕೆ ಹೊತ್ತ ತಾಯಂದಿರನ್ನು ನಾನು ಕಂಡಿದ್ದೇನೆ. ಅಂಥ ಹರಕೆ ಹೊತ್ತ ತಾಯಿಯದ್ದು, ಮಗಳದ್ದಲ್ಲ.

ಕರೆಯನ್ನು ಗುರುತಿಸುವವಳು ನೀನೊಬ್ಬಳೇ ಅಲ್ಲ ಎಂಬುದನ್ನೂ ಮರೆಯಬೇಡ. ಬೈಬಲಿನ ಬಾಲಕ ಸಮುವೇಲನ ಕಥೆ ನಿನಗೆ ಗೊತ್ತು. ರಾತ್ರಿ ಹೆಸರು ಹಿಡಿದು ಕರೆದ ಧ್ವನಿ ಕೇಳಿ ಮೂರು ಸಲವೂ ಮುದುಕ ಯಾಜಕ ಏಲಿಯ ಬಳಿಗೇ ಓಡಿದ. ಧ್ವನಿ ಕೇಳಿದ್ದು ಹುಡುಗನಿಗೆ, ಅದು ಯಾರ ಧ್ವನಿ ಎಂದು ಹೊಳೆದದ್ದು ಕಣ್ಣು ಮಂಜಾದ ಮುದುಕನಿಗೆ. ನಿನಗೂ ಒಬ್ಬ ಏಲಿ ಬೇಕು. ಧರ್ಮಕೇಂದ್ರದ ಗುರುಗಳಾಗಬಹುದು, ಅನುಭವಸ್ಥ ಸಿಸ್ಟರ್ ಆಗಬಹುದು, ಆದರೆ ನಿನ್ನನ್ನು ತಮ್ಮ ಸಭೆಗೆ ಸೇರಿಸಿಕೊಳ್ಳಲು ಕಾದಿರುವವರು ಬೇಡ. ಅಂಥವರು ಒಳ್ಳೆಯವರೇ ಇರಬಹುದು, ಹುಡುಗನ ಕಡೆಯವರನ್ನೇ ಹುಡುಗನ ಬಗ್ಗೆ ವಿಚಾರಿಸಿದಂತಾಗುತ್ತದೆ, ಅಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ನೊವಿಸ್‌ಗಳ ತರಬೇತಿಯ ಹೊಣೆ ನನ್ನ ಮೇಲಿದ್ದ ಕಾಲದಲ್ಲಿ ಲೆಕ್ಕಪತ್ರದಲ್ಲಿ ಬಹಳ ಚುರುಕಾದ ಹುಡುಗಿಯೊಬ್ಬಳು ಬಂದಳು. ಹಾಸ್ಟೆಲಿನ ಲೆಕ್ಕ ಪೈಸೆ ತಪ್ಪದಂತೆ ಇಡುತ್ತಿದ್ದಳು. ಅವಳು ಪ್ರಾರ್ಥನೆಗೆ ಬಂದು ಕುಳಿತರೆ ಬಸ್ ನಿಲ್ದಾಣದಲ್ಲಿ ಕಾಯುವವಳಂತೆ ಕಾಣುತ್ತಿದ್ದಳು. ನಗು ಒಂದೊಂದಾಗಿ ಕಡಿಮೆಯಾಯಿತು, ಉಗುರು ಕಚ್ಚುವುದು ಶುರುವಾಯಿತು. ಅವಳ ದಾರಿ ಇದಲ್ಲ ಎಂದು ನನಗೆ ಆರನೆಯ ತಿಂಗಳಿಗೇ ಅನಿಸಿತ್ತು. ಆದರೂ ಒಂದು ವರ್ಷ ಸುಮ್ಮನಿದ್ದೆ. ಯಾಕೆಂದರೆ ಲೆಕ್ಕ ಬರೆಯುವವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ಅವಳೇ ಬಂದು ಹೋಗುತ್ತೇನೆ ಎಂದಾಗ ನನಗಾದದ್ದು ನಾಚಿಕೆ. ಒಬ್ಬಳ ಜೀವದ ಒಂದು ವರ್ಷವನ್ನು ನಾನು ಗುಮಾಸ್ತೆಯ ಸಂಬಳಕ್ಕೆ ಬದಲಾಗಿ ಉಳಿಸಿಕೊಂಡಿದ್ದೆ.

ಆದ್ದರಿಂದ "ನರ್ಸ್ ಎಂದ ಕೂಡಲೇ" ಎಂಬ ನಿನ್ನ ಮಾತು ನನ್ನ ಕಿವಿಗೆ ಚುಚ್ಚಿತು. ಅವರ ಮನಸ್ಸು ಕೆಟ್ಟದ್ದೆಂದು ಹೇಳುತ್ತಿಲ್ಲ. ಆಸ್ಪತ್ರೆ ನಡೆಸುವವರಿಗೆ ಕೈಗಳು ಬೇಕು. ಆದರೆ ವಿಧೇಯತೆಯ ವ್ರತ ತೆಗೆದುಕೊಂಡವಳನ್ನು ನಾಳೆ ಶಾಲೆಯ ಕಚೇರಿಗೋ, ಹಾಸ್ಟೆಲಿನ ಅಡುಗೆಮನೆಗೋ ಕಳುಹಿಸಬಹುದು. ಇನ್ನು ಮುಂದೆ ಒಂದು ಇಂಜೆಕ್ಷನ್ ಕೂಡ ಕೊಡುವಂತಿಲ್ಲ ಎಂದರೂ ನೀನು ಹೋಗುತ್ತೀಯಾ? ರೋಗಿಗಳ ಸೇವೆಯೇ ಮುಖ್ಯ ಎಂದಾದರೆ ಅದನ್ನು ಇಂದಿನ ಆಸ್ಪತ್ರೆಯಲ್ಲೇ, ಇಂದಿನ ಸಂಬಳದಲ್ಲೇ ಮಾಡಬಹುದು. ಕಾನ್ವೆಂಟ್ ಬೇಕಾಗುವುದು ಬೇರೆ ಏನೋ ಒಂದಕ್ಕೆ.

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ) ಸೇರಿವೆ. ಮೂರು ಜಿಲ್ಲೆಯ ವಿಸ್ತಾರದಲ್ಲಿ ಹರಡಿಕೊಂಡ ಜನ ನಾವು. ಹುಡುಗಿಯೊಬ್ಬಳು ತನ್ನ ಊರಿನ ಒಂದೋ ಎರಡೋ ಸಭೆಗಳನ್ನು ಬಿಟ್ಟು ಬೇರೆಯವನ್ನು ಕಂಡೇ ಇರುವುದಿಲ್ಲ. ಹೀಗಾಗಿ ಕಂಡ ಮೊದಲ ಬಾಗಿಲನ್ನೇ ತಟ್ಟುತ್ತಾರೆ. ಸಭೆ ಸಭೆಗೂ ಗುಣ ಬೇರೆ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಹೆಸರು ಶಾಲೆ ಕಾಲೇಜುಗಳ ಜೊತೆ ಬೆಳೆಯಿತು. 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಬೆಥನಿ ಸಭೆ ಈ ನೆಲದ್ದೇ ಕೂಸು. ಹೊರಗಿನ ಯಾವ ಸೇವೆಗೂ ಹೋಗದೆ ಮಠದ ಗೋಡೆಯೊಳಗೇ ಪ್ರಾರ್ಥನೆಯಲ್ಲಿ ಬದುಕು ಸವೆಸುವ ಕಾರ್ಮೆಲ್ ಸನ್ಯಾಸಿನಿಯರು ಬೇರೆ. ಎರಡು ಮೂರು ಕಡೆ ಹೋಗಿ ನೋಡು. "ಎಲ್ಲಿ ವಾಸಿಸುತ್ತೀರಿ" ಎಂದು ಕೇಳಿದ ಇಬ್ಬರಿಗೆ ಯೇಸು ಉಪದೇಶ ಮಾಡಲಿಲ್ಲ, "ಬಂದು ನೋಡಿ" ಎಂದರು. ಅವರು ಹೋಗಿ ಆ ದಿನ ಅಲ್ಲೇ ಉಳಿದರು, ಆಗ ಸುಮಾರು ಸಂಜೆ ನಾಲ್ಕು ಗಂಟೆ ಎಂದು ಯೊವಾನ್ನರ ಶುಭಸಂದೇಶ ಹೊತ್ತನ್ನೂ ಹೇಳುತ್ತದೆ. ಬೇಸಿಗೆ ರಜೆಯಲ್ಲಿ ಹಲವು ಸಭೆಗಳು ಇದೇ ಹೆಸರಿನ ಶಿಬಿರ ನಡೆಸುತ್ತವೆ. ಈ ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಹೋಗಿ ಬಾ. ಸೇರಲು ಬೇಡ, ನೋಡಲು. ಹೋದಾಗ ಪ್ರಾರ್ಥನಾಲಯವನ್ನು ಎಲ್ಲರೂ ತೋರಿಸುತ್ತಾರೆ. ನೀನು ಹಾಸಿಗೆ ಹಿಡಿದ ಹಿರಿಯ ಸಿಸ್ಟರ್‌ಗಳ ಕೋಣೆಗೆ ಹೋಗು. ಹಾಸಿಗೆಯ ಚಾದರ, ಕುಡಿಯುವ ನೀರಿನ ಲೋಟ, ಯಾರು ಬಂದು ಮಾತಾಡಿಸುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ. ನರ್ಸ್ ಆದ ನಿನಗೆ ಐದು ನಿಮಿಷ ಸಾಕು ಆ ಮನೆಯ ಜಾತಕ ಓದಲು.

ಮೇ ತಿಂಗಳಲ್ಲಿ ಸೇರಲಾಗದು ಎನ್ನಲು ಇನ್ನೂ ಗಟ್ಟಿಯಾದ ಕಾರಣ ನಿನ್ನ ಸಾಲ. ತೀರಿಸಲಾಗದ ಸಾಲವಿರುವವರನ್ನು ನೊವಿಶಿಯೇಟಿಗೆ ಸೇರಿಸಿಕೊಳ್ಳಬಾರದು ಎಂದು ಕಾನೂನು ಸಂಹಿತೆಯ 644ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ: ಬಡತನದ ವ್ರತ ತೆಗೆದುಕೊಂಡ ಮೇಲೆ ನಿನ್ನ ದುಡಿಮೆ ಸಭೆಯದ್ದು, ಕಂತು ಕಟ್ಟಲು ನಿನ್ನ ಕೈಯಲ್ಲಿ ಹಣವಿರುವುದಿಲ್ಲ. ಬ್ಯಾಂಕಿನವರು ಬರುವುದು ಅಪ್ಪನ ಬಾಗಿಲಿಗೆ. ತಿಂಗಳಿಗೆ ಹತ್ತು ಸಾವಿರ ಕಟ್ಟಿದರೆ ಹದಿನಾರು ತಿಂಗಳು, ಬಡ್ಡಿ ಸೇರಿದರೆ ಒಂದೂವರೆ ವರ್ಷ. ಇಷ್ಟು ದಿನ ಕಾಯಬೇಕೇ ಎಂದು ನಿಟ್ಟುಸಿರು ಬಿಡಬೇಡ. ಸಂಬಂಧ ಮುರಿದ ಗಾಯ ಒಣಗಲು, ನೋಟ್‌ಬುಕ್ ತುಂಬಲು, ಎರಡು ಮೂರು ಮನೆ ನೋಡಿ ಬರಲು ನಿನಗೆ ಬೇಕಾದ ಸಮಯವೂ ಅಷ್ಟೇ. ಒಂದೂವರೆ ವರ್ಷ ಕಾಯಲು ಆಗದ ಕರೆ ಐವತ್ತು ವರ್ಷ ಬಾಳುವುದಿಲ್ಲ. ಸಾಲದ ವಿಷಯ ಕೇಳಿಯೂ "ಪರವಾಗಿಲ್ಲ, ಬಂದುಬಿಡು" ಎನ್ನುವ ಸಭೆಯಿದ್ದರೆ ಅಲ್ಲಿಗೆ ಹೋಗಬೇಡ.

ಅಪ್ಪ ಅಮ್ಮನ ಹೊಣೆಯೂ ಅಷ್ಟೇ. ಮಕ್ಕಳ ನೆರವಿಲ್ಲದೆ ಬದುಕಲಾರದ ಸ್ಥಿತಿಯಲ್ಲಿ ತಂದೆತಾಯಿ ಇದ್ದರೆ ಅವರನ್ನು ಬಿಟ್ಟು ಸನ್ಯಾಸಕ್ಕೆ ಹೋಗಕೂಡದು ಎಂದು ಸಂತ ತೋಮಸ್ ಅಕ್ವಿನಾಸ್ 13ನೆಯ ಶತಮಾನದಲ್ಲೇ ಬರೆದರು. ದೇವರ ಹೆಸರಿನಲ್ಲಿ ಮನೆ ಬಿಟ್ಟು ಓಡಲು ಧರ್ಮಸಭೆ ಅನುಮತಿ ಕೊಟ್ಟಿಲ್ಲ. ಅಪ್ಪನ ಸಂಬಳ, ತಂಗಿಯ ಓದು, ಮನೆ ಬಾಡಿಗೆ ಎಲ್ಲವನ್ನೂ ಕಾಗದದ ಮೇಲೆ ಬರೆದು ನೋಡು. ತಂಗಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ತಡೆಯಬೇಕಾಗಿ ಬಂದರೆ ತಡೆ.

ಅಮ್ಮನ ಜೊತೆ ವಾದ ಮಾಡಬೇಡ. ನಾನು ಮನೆಯಲ್ಲಿ ಈ ವಿಷಯ ಹೇಳಿದ ದಿನ ನನ್ನ ತಾಯಿ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಮೊರದ ತುಂಬ ಸಿಪ್ಪೆಯಾದ ಮೇಲೆ, "ಕ್ರಿಸ್ಮಸ್ ಹಬ್ಬಕ್ಕೆ ಬರುತ್ತೀಯಾ?" ಎಂದಳು. ಅಷ್ಟೇ. ನಾನು ಏನೂ ವಿಚಾರಿಸದೆ "ಬರುತ್ತೇನೆ" ಎಂದುಬಿಟ್ಟೆ. ಮೊದಲ ನಾಲ್ಕು ಕ್ರಿಸ್ಮಸ್‌ಗೆ ನನಗೆ ಬರಲಾಗಲಿಲ್ಲ. ನನ್ನನ್ನು ಕಳುಹಿಸಿದ್ದಕ್ಕೆ ಅವಳು ಎಂದೂ ನೊಂದುಕೊಳ್ಳಲಿಲ್ಲ, ಆ ಸುಳ್ಳಿಗೆ ಮಾತ್ರ ಬಹಳ ಕಾಲ ನೊಂದಳು. ಈಗ ಪದ್ಧತಿಗಳು ಸಡಿಲಾಗಿವೆ, ಆದರೂ ಸಭೆಯಿಂದ ಸಭೆಗೆ ವ್ಯತ್ಯಾಸವಿದೆ. ವರ್ಷಕ್ಕೆ ಎಷ್ಟು ದಿನ ಮನೆಗೆ ಕಳುಹಿಸುತ್ತಾರೆ, ಅಪ್ಪ ಅಮ್ಮ ಹಾಸಿಗೆ ಹಿಡಿದರೆ ಎಷ್ಟು ದಿನ ಬಿಡುತ್ತಾರೆ, ಬಿಟ್ಟು ಬಂದರೆ ಏನಾಗುತ್ತದೆ ಎಂದು ಮೊದಲೇ ಬಾಯಿ ಬಿಟ್ಟು ಕೇಳು. ಕೇಳುವುದು ಅವಿಧೇಯತೆಯಲ್ಲ. ಉತ್ತರವನ್ನು ಅಮ್ಮನಿಗೆ ಇದ್ದಂತೆಯೇ ಹೇಳು, ಸಿಹಿ ಸವರಬೇಡ.

ಮತ್ತೆ ಸೆಪ್ಟೆಂಬರ್ ಬರುತ್ತದೆ. ಹರಿಹರಕ್ಕೆ ಹೋಗುವುದಾದರೆ ಅಮ್ಮನನ್ನೂ ಕರೆದುಕೊಂಡು ಹೋಗು, ಮತ್ತು 9ನೆಯ ತಾರೀಖಿಗೂ ರಜೆ ಹಾಕಿರು. ಪಾತ್ರೆ ತೊಳೆಯುವ ಕಡೆ ಅವರೂ ನಿನ್ನ ಪಕ್ಕದಲ್ಲಿ ಕೂರಲಿ. ಆ ದಿನ ಏನಾಯಿತೆಂದು ನನಗೆ ಬರೆ. ಅಮ್ಮ ಏನು ಕಂಡರು ಎಂಬುದನ್ನೂ ಕೇಳಿ ಬರೆ.